ಮೆಣಸಿನಕಾಯಿ ಲಾರಿಯಲ್ಲಿ ಬಂದ ಸಂಸಾರ

ನಾಲ್ಕು ನೂರು ರೂಪಾಯಿ. ಆಗಿನ ಕಾಲದಲ್ಲಿ ಹುಬ್ಬಳ್ಳಿಯಿಂದ ಪುಣೆಗೆ ನಮ್ಮ ಇಡೀ ಸಂಸಾರ ಸಾಗಿಸಲು ಅಪ್ಪ ಕೊಟ್ಟ ಲಾರಿ ಬಾಡಿಗೆ ಅಷ್ಟೇ. ಬೇರೆ ಯಾರನ್ನು ಕೇಳಿದರೂ ಹದಿನೆಂಟು ನೂರಕ್ಕೆ ಕಡಿಮೆ ಹೇಳುತ್ತಿರಲಿಲ್ಲ. ಅದರ ಮೇಲೆ ಪುಣೆಯ ಸದಾಶಿವ ಪೇಠದ ಬಾಡಿಗೆ ಮನೆಗೆ ಐದು ಸಾವಿರ ಡಿಪಾಜಿಟ್. ಅದಕ್ಕಾಗಿ ಅವ್ವನ ಕೈಯ ಎರಡು ಬಂಗಾರದ ಪಾಟ್ಲಿ ಹೋದವು. ನನ್ನ ಕನ್ನಡ ಶಾಲೆ ಹೋಯಿತು. ಹಿತ್ತಲಲ್ಲಿ ನಾನೇ ನೀರು ಹಾಕಿ ಬೆಳೆಸಿದ ಕರಿಬೇವಿನ ಗಿಡ ಮುಂದಿನ ಬಾಡಿಗೆದಾರರ ಪಾಲಾಯಿತು. ಇಷ್ಟೆಲ್ಲ ಕೊಟ್ಟು ನಾವು ಪಡೆಯಬೇಕೆಂದಿದ್ದದ್ದು ಒಂದೇ: ಅಪ್ಪ ದಿನಾ ಸಂಜೆ ಮನೆಗೆ ಬಂದು ನಮ್ಮ ಜೊತೆ ಕೂತು ಉಣ್ಣುವುದು.

ಅದೇನು ದೊಡ್ಡ ಮಾತು ಎನ್ನಬೇಡಿ. ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಅಪ್ಪ ಗುಮಾಸ್ತನಾಗಿದ್ದ. ಮಾಲೀಕರ ಅಣ್ಣತಮ್ಮಂದಿರು ಬೇರೆಯಾದಾಗ ಅಂಗಡಿಯೂ ಎರಡಾಯಿತು. ಎರಡರಲ್ಲೂ ಅಪ್ಪನಿಗೆ ಜಾಗ ಉಳಿಯಲಿಲ್ಲ. ಪುಣೆಯ ಲಕ್ಷ್ಮೀ ರೋಡಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಹನ್ನೊಂದು ತಿಂಗಳು ಒಬ್ಬನೇ ಇದ್ದ. ಅಂಗಡಿಯ ಅಟ್ಟದ ಮೇಲೆ ಮಲಗುವುದು, ಖಾನಾವಳಿಯಲ್ಲಿ ಊಟ, ತಿಂಗಳಿಗೊಮ್ಮೆ ಊರಿಗೆ ಬರುವುದು. ನನಗೆ ಆಗ ಹತ್ತು ವರ್ಷ, ನನಗೆ ಅಪ್ಪ ನೆನಪಿದ್ದ. ತಮ್ಮ ಶ್ರೀಶೈಲನಿಗೆ ಮೂರು ತುಂಬಿ ನಾಲ್ಕು. ಒಮ್ಮೆ ಅವನು ಅಪ್ಪನನ್ನು ಬಾಗಿಲಲ್ಲಿ ಕಂಡೊಡನೆ ಅವ್ವನ ಸೆರಗು ಹಿಡಿದು, "ಪುಣೆ ಕಾಕಾ ಬಂದಾನ" ಎಂದ. ಅಪ್ಪ ನಕ್ಕ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಕಾಲು ತೊಳೆಯುತ್ತ ನಿಂತಿದ್ದ.

ಅವತ್ತೇ ಅವ್ವ ನಿರ್ಧಾರ ಮಾಡಿದ್ದು. "ಸಾಕ್ರಿ ಇನ್ನ. ಒಂದ ರೊಟ್ಟಿ ಇದ್ರ ನಾಕ ತುಂಡ ಮಾಡೂಣು. ಒಂದ ಕಡೆ ಇರೂಣು."

ಏಪ್ರಿಲ್‌ನಲ್ಲಿ ನನ್ನ ಪರೀಕ್ಷೆ ಮುಗಿಯಿತು. ಬ್ಯಾಡಗಿಯಿಂದ ಪುಣೆಯ ಮಾರ್ಕೆಟ್ ಯಾರ್ಡಿಗೆ ಒಣ ಮೆಣಸಿನಕಾಯಿ ಹೇರಿಕೊಂಡು ಹೋಗುವ ಲಾರಿಗಳು ಆ ತಿಂಗಳಲ್ಲಿ ಸಾಲುಗಟ್ಟಿ ಓಡುತ್ತವೆ. ಅಂಥ ಒಂದು ಲಾರಿಯ ಡ್ರೈವರ್ ಮಾಬುಸಾಬನನ್ನು ಅಪ್ಪ ಹಿಡಿದ. ಹಿಂದಿನ ಕಾಲು ಭಾಗ ಜಾಗ ನಮ್ಮದು, ನಾಲ್ಕು ನೂರಕ್ಕೆ. ಅಪ್ಪ ಚೌಕಾಸಿಯಲ್ಲಿ ಪಳಗಿದ ಮನುಷ್ಯ. ಅವನು ನನಗೆ ಕಲಿಸಿದ ಮೊದಲ ಪಾಠ: ನಿನ್ನ ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಬೇಕು. ಮುಂದೆ ಯಾರು ಮೊದಲು ಮಾತಾಡುತ್ತಾರೋ ಅವರು ಇಳಿಯುತ್ತಾರೆ. ಮಾಬುಸಾಬ ಏಳು ನೂರು ಅಂದ, ಅಪ್ಪ ನಾಲ್ಕು ಅಂದು ಸುಮ್ಮನೆ ಬೀಡಾ ಅಗಿಯುತ್ತ ನಿಂತ. ಅಷ್ಟೇ.

ಗಾಜಿನ ಕಪಾಟು, ಕನ್ನಡಿ, ಪಿಂಗಾಣಿ ಭರಣಿ, ಇವಕ್ಕೆಲ್ಲ ಮೆತ್ತಗೆ ಒತ್ತು ಬೇಕಲ್ಲ? ಮೆಣಸಿನಕಾಯಿ ಚೀಲಕ್ಕಿಂತ ಮೆತ್ತನೆಯ ಒತ್ತು ಯಾವುದಿದೆ? ಅಪ್ಪ ಒಂದು ಚೀಲ, ಒಂದು ಸಾಮಾನು, ಮತ್ತೊಂದು ಚೀಲ ಹೀಗೆ ಜೋಡಿಸಿದ. ಸಂದುಗಳಲ್ಲಿ ನಮ್ಮ ಗಾದಿ, ದಿಂಬು, ಅವ್ವ ಮತ್ತು ಅಜ್ಜಿ ಹಳೆ ಸೀರೆಗಳಿಂದ ಕೈಯಲ್ಲಿ ಹೊಲಿದ ಏಳು ಕೌದಿಗಳನ್ನು ತುರುಕಿದ. ನೋಡಿದವರೆಲ್ಲ "ಭಾಳ ಶಾಣ್ಯಾ ಮನಶ್ಯಾ" ಎಂದರು. ಅವ್ವ ಆಗ ಓಣಿಯವರಿಗೆ ಹೋಗಿಬರುತ್ತೇವೆಂದು ಹೇಳಲು ಹೋಗಿದ್ದಳು. ಆಮೇಲೆ ನಾವು ರೈಲಿನಲ್ಲಿ ಹೊರಟೆವು.

ಪುಣೆಯಲ್ಲಿ ಲಾರಿ ಬಿಚ್ಚಿದಾಗ ಒಂದು ಕಪ್ಪೂ ಒಡೆದಿರಲಿಲ್ಲ. ಅಪ್ಪನ ಮುಖ ಅರಳಿತ್ತು. ಎರಡು ಚೀಲ ಮಾತ್ರ ದಾರಿಯಲ್ಲಿ ಹರಿದಿದ್ದವು.

ನಮ್ಮ ಮನೆಯಿದ್ದದ್ದು ಒಂದು ಹಳೆಯ ವಾಡಾದಲ್ಲಿ. ನಡುವೆ ಕಲ್ಲು ಹಾಸಿದ ಅಂಗಳ, ಒಂದು ನಲ್ಲಿ, ಸುತ್ತಲೂ ಮರದ ಜಂತಿಯ ಎರಡಂತಸ್ತು, ನಮ್ಮ ಹೊರತು ಆರು ಸಂಸಾರ. ನಮಗೆ ಮೇಲಿನ ಒಂದು ಖೋಲಿ ಮತ್ತು ಒಲೆ ಇಡುವಷ್ಟು ಜಾಗ. ಸರಿಯಾಗಿ ನಮ್ಮ ಕೆಳಗೆ ಮನೆಯೊಡತಿ. ಎಲ್ಲರೂ ಅವರನ್ನು ಆಜಿ ಎನ್ನುತ್ತಿದ್ದರು. ತೆಳ್ಳಗೆ, ಉದ್ದಕ್ಕೆ, ಒಂಬತ್ತು ಗಜದ ಸೀರೆಯ ಕಚ್ಚೆ ಹಾಕಿ ನಡೆದರೆ ಮೆಟ್ಟಿಲೂ ಎಚ್ಚರಾಗಬೇಕು, ಹಾಗಿದ್ದರು. ಅವರ ಮಾತೆಲ್ಲ ಮರಾಠಿ. ಡಿಪಾಜಿಟ್ ತೆಗೆದುಕೊಳ್ಳುವಾಗ ಅಪ್ಪನಿಗೆ ಒಂದೇ ಷರತ್ತು ಹೇಳಿದ್ದರಂತೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ವಾಡಾದಲ್ಲಿ ಸದ್ದಾಗಬಾರದು. ಆ ಹೊತ್ತಿನಲ್ಲಿ ಪೇಠದ ಅಂಗಡಿಗಳೇ ಬಾಗಿಲು ಹಾಕಿ ನಿದ್ದೆ ಹೋಗುತ್ತಿದ್ದವು, ಮನೆಯವರ ಮಾತೇನು?

ನಾವು ಕೌದಿ ಕೊಡವಿದ್ದು ಸರಿಯಾಗಿ ಒಂದೂವರೆಗೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ನಾಲಿಗೆಗೆ ಅದು ಸರಿ ಇರಬಹುದು, ಮೂಗಿಗೆ ಯಾರೂ ಹೇಳಿದಂತಿಲ್ಲ. ಮೊದಲು ಶ್ರೀಶೈಲ ಸೀನಿದ. ಆಮೇಲೆ ನಾನು. ಆಮೇಲೆ ಜಂತಿಯ ಸಂದಿನಿಂದ ಇಳಿದ ಕೆಂಪು ಪುಡಿ ಕೆಳಗಿನ ಮನೆ ಮುಟ್ಟಿತು. ಅಂಗಳದಾಚೆಯಿಂದ ಯಾರೋ ಕೂಗಿದರು, "ಕೋಣ ಮಿರಚ್ಯಾ ಭಾಜತಯ?" ಯಾರು ಮೆಣಸಿನಕಾಯಿ ಹುರಿಯುತ್ತಿರುವುದು ಅಂತ. ಯಾರೂ ಹುರಿಯುತ್ತಿರಲಿಲ್ಲ. ನಾವು ಬಂದಿದ್ದೆವು, ಅಷ್ಟೇ.

ಅವ್ವ ಕಣ್ಣು ಒರೆಸಿಕೊಳ್ಳುತ್ತ ಅಪ್ಪನ ಕಡೆ ತಿರುಗಿದಳು.

"ನಾನೂರಕ್ಕ ಲಾರಿ ಸಿಕ್ತು ಅಂತ ಎದಿ ಉಬ್ಬಿಸಿಕೊಂಡು ಬಂದ್ರಲ್ಲಾ, ಒಳಗ ಏನ್ ಹೇರ್ಯಾರ ಅಂತ ಕೇಳಿದ್ರೇನು?"

"ಕೇಳೀನಿ ಮಾರಾಯ್ತಿ. ಮೆಣಸಿನಕಾಯಿ ಅಂದ. ಹಗರ ಮಾಲು, ನಮ್ಮ ಕಪಾಟ ಒಡಿಯಂಗಿಲ್ಲ ಅಂತ ಖುಷಿ ಆತು."

"ಕಪಾಟ ಒಡೀಲಿಲ್ಲರೀ. ನಮ್ಮ ಮೂಗ ಒಡದಾವ."

ವಾಡಾದ ಹುಡುಗರಿಗೆ ಮಾತ್ರ ಹಬ್ಬ. ನಾನು ಅಂಗಳಕ್ಕೆ ಇಳಿದರೆ "ಮಿರಚೀ ಆಲೀ!", ಮೆಣಸಿನಕಾಯಿ ಬಂದಳು ಎಂದು ಕೂಗುವರು. ಎರಡೇ ದಿನದಲ್ಲಿ ಒಂದು ಆಟವನ್ನೂ ಕಟ್ಟಿದರು. ಎಲ್ಲರೂ ಸುತ್ತಲೂ ನಿಲ್ಲುವುದು, ನಾನು ನಡುವೆ ನಿಂತು ಲಂಗ ಜಾಡಿಸುವುದು, ಮೊದಲು ಸೀನಿದವನು ಔಟ್. ನಾನು ಇಷ್ಟಪಟ್ಟೇ ಆಡುತ್ತಿದ್ದೆ. ಮರಾಠಿಯ ಒಂದು ಅಕ್ಷರ ಬಾರದ ಹುಡುಗಿಗೆ ಬಂದ ಮೂರನೆಯ ದಿನವೇ ಆಟದಲ್ಲಿ ನಡುವಿನ ಜಾಗ ಸಿಗುವುದು ಸಣ್ಣ ಮಾತಲ್ಲ.

ಆದರೆ ಆಜಿಯ ನಿದ್ದೆ ಹಾಳಾಗಿತ್ತು. ಮೂರು ಮಧ್ಯಾಹ್ನ ಅವರು ಕೆಮ್ಮುವುದು ನಮಗೆ ನೆಲದ ಹಲಗೆಯ ಮೂಲಕ ಕೇಳಿಸಿತು. ನಾಲ್ಕನೆಯ ದಿನ ಮೆಟ್ಟಿಲು ಹತ್ತಿ ಬಂದರು. ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಮರಾಠಿಯಲ್ಲಿ ಅಪ್ಪನಿಗೆ ಹೇಳಿದರು: ಎಂಟು ದಿನ ಕೊಡುತ್ತೇನೆ, ಮುಂದಿನ ರವಿವಾರ ಖೋಲಿ ಬಿಡಿ, ಡಿಪಾಜಿಟ್ ಪೂರ್ತಿ ವಾಪಸ್ ಕೊಡುತ್ತೇನೆ, ನನಗೆ ನಿಮ್ಮ ರೊಕ್ಕ ಬೇಡ, ನನ್ನ ನಿದ್ದೆ ಬೇಕು.

ಅಪ್ಪ ಕನ್ನಡದಲ್ಲಿ ಅವ್ವನಿಗೆ ತಿಳಿಸಿದ. ಅವ್ವ ಎರಡೂ ಕೈ ಜೋಡಿಸಿ, ಮುಖದ ತುಂಬ ನಗು ತಂದುಕೊಂಡು, ದೇವರ ಮುಂದೆ ನಿಂತವಳ ಹಾಗೆ ಆಜಿಗೆ ಹೇಳಿದಳು, "ಮಲಕೋ ನಮ್ಮವ್ವಾ, ಮಲಕೋ. ಮೂರೂ ಹೊತ್ತು ಮಲಕೋ. ತಾನs ಒಣಾ ಮೆಣಸಿನಕಾಯಿ ಆಗಿ, ಖಾರಕ್ಕ ಹೆದರತಾಳ, ನೋಡು!"

ಆಜಿ ಮೂಗಿನ ಮೇಲಿನ ಸೆರಗು ತೆಗೆಯದೆ ಮೆಟ್ಟಿಲು ಇಳಿದು ಹೋದರು.

ಈಗ ಲೆಕ್ಕ ಹೀಗಿತ್ತು. ಡಿಪಾಜಿಟ್ ವಾಪಸ್ ಬರುತ್ತದೆ, ಸರಿ. ಆದರೆ ಅಂಥದ್ದೇ ಮನೆ ಅದೇ ದುಡ್ಡಿಗೆ ಎಂಟು ದಿನದಲ್ಲಿ ಎಲ್ಲಿ ಸಿಗಬೇಕು? ಇದನ್ನು ಹುಡುಕಲಿಕ್ಕೇ ಅಪ್ಪನಿಗೆ ಐದು ತಿಂಗಳು ಹಿಡಿದಿತ್ತು. ಹುಬ್ಬಳ್ಳಿಯ ಮನೆಗೆ ಬೇರೆಯವರು ಬಂದಾಗಿತ್ತು. ಉಳಿದದ್ದು ಒಂದೇ ದಾರಿ: ಅವ್ವ, ನಾನು, ಶ್ರೀಶೈಲ ಗದಗಿನ ಸೋದರಮಾವನ ಮನೆಗೆ, ಅಪ್ಪ ಮತ್ತೆ ಅಂಗಡಿಯ ಅಟ್ಟಕ್ಕೆ. ಮತ್ತೆ ತಿಂಗಳಿಗೊಮ್ಮೆ ಬರುವ ಪುಣೆ ಕಾಕಾ.

ಮರುದಿನ ಬೆಳಿಗ್ಗೆ ನಲ್ಲಿ ಬಂದ ಹೊತ್ತಿಗೆ ಅಪ್ಪ ಒಂದು ಸಾಹಸ ಮಾಡಿದ. ಅವ್ವ ಹಾಲು ತರಲು ಹೋಗಿದ್ದಳು. ಎರಡು ಕೌದಿ ಅಂಗಳಕ್ಕೆ ಒಯ್ದು, ಬಕೆಟ್ಟುಗಟ್ಟಲೆ ನೀರು ಸುರಿದು, ಪಂಚೆ ಎತ್ತಿ ಕಟ್ಟಿ ತುಳಿಯತೊಡಗಿದ. ನಾನು ಪಕ್ಕದಲ್ಲಿ ನಿಂತು ಸೋಪಿನ ಪುಡಿ ಹಾಕುತ್ತಿದ್ದೆ. ಒಂದು ನಿಮಿಷ ಆಗಿರಬೇಕು, ಅಪ್ಪ ಕುಣಿಯಲು ಶುರು ಮಾಡಿದ. ಕಾಲು ಉರಿ. ಬಗ್ಗಿ ಕಾಲು ಒರೆಸಿಕೊಂಡ, ಕೈ ಉರಿ. ಅದೇ ಕೈಯಲ್ಲಿ ಬೆವರು ಒರೆಸಿಕೊಂಡ. ಆಮೇಲೆ ಕಣ್ಣಿನ ಕಥೆ ಹೇಳಬೇಕಾಗಿಲ್ಲ. ಕೆಂಪು ನೀರು ಕಲ್ಲಿನ ಮೇಲೆ ಹರಿದು ಆಜಿಯ ಹೊಸ್ತಿಲ ಮುಂದಿನ ರಂಗೋಲಿಯನ್ನು ತೊಳೆದುಕೊಂಡು ಹೋಯಿತು.

ಹಾಲಿನ ಪಾತ್ರೆ ಹಿಡಿದು ಬಂದ ಅವ್ವ ಬಾಗಿಲಲ್ಲೇ ನಿಂತಳು.

"ಖಾರಕ್ಕ ನೀರ ಹಾಕ್ತಾರೇನ್ರೀ? ಎಣ್ಣಿ ಹಚಗೊಳ್ರಿ ಮೊದಲ. ಶಕ್ಕು, ಶೇಂಗಾದೆಣ್ಣಿ ತಾ!" ನಾನು ಎಣ್ಣೆ ತರಲು ಓಡಿದೆ.

ಅವ್ವನ ತವರು ಬ್ಯಾಡಗಿಯ ಪಕ್ಕದ ಹಳ್ಳಿ. ಮದುವೆಯಾಗುವ ತನಕ ಬೇಸಿಗೆಯೆಲ್ಲ ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋದವಳು. ಅವಳೂರಿನಲ್ಲಿ ತೊಟ್ಟಿಗೆ ತುಂಬು ಎನ್ನುತ್ತಾರೆ. ಖಾರದ ಕೆಲಸಕ್ಕೆ ಕೂರುವ ಮೊದಲು ಕೈಗೆ ಎಣ್ಣೆ ಸವರಬೇಕು, ಗಾಳಿಗೆ ಬೆನ್ನು ಮಾಡಿ ಕೂರಬೇಕು, ಪುಡಿ ಕೂತ ಬಟ್ಟೆಯನ್ನು ನೀರಿಗೆ ಹಾಕುವ ಮೊದಲು ಬಿಸಿಲಿಗೆ ಹಾಕಿ ಬಡಿಯಬೇಕು. ಇದೆಲ್ಲ ಅವಳಿಗೆ ಗೊತ್ತಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ. ಲಾರಿ ಮಾತಾಡಿದ್ದು ಅಪ್ಪ, ಸಾಮಾನು ಹೇರಿದ್ದೂ ಅಪ್ಪ. ಅವ್ವನಿಗೆ ಹೇಳಿದ್ದು ಬಾಡಿಗೆ ಒಂದೇ.

ಆ ದಿನದಿಂದ ಅವ್ವ ಮುಂದೆ, ಅಪ್ಪ ಹಿಂದೆ. ಕೈಗಾಡಿಯೊಂದನ್ನು ಹಿಡಿದು ಕೌದಿ, ಗಾದಿ, ದಿಂಬು ಎಲ್ಲ ಮುಠಾ ನದಿಯ ದಂಡೆಗೆ ಸಾಗಿಸಿದೆವು. ಅಪ್ಪ ಅಂಗಡಿಗೆ ಹೋಗುವ ಮೊದಲು ಎರಡು ತಾಸು ಬರುತ್ತಿದ್ದ. ನದಿಯಲ್ಲಿ ನೀರು ಸ್ವಲ್ಪವೇ ಇತ್ತು, ಕಲ್ಲುಗಳು ಕಾದಿದ್ದವು. ಕೌದಿಗಳನ್ನು ಕಲ್ಲಿನ ಮೇಲೆ ಹರವಿ, ಕೋಲಿನಿಂದ ಬಡಿಯುವುದು. ಒಂದೊಂದು ಪೆಟ್ಟಿಗೂ ಒಂದು ಕೆಂಪು ಮೋಡ ಏಳುತ್ತಿತ್ತು. "ಗಾಳಿ ಯಾ ಕಡೆ ಬೀಸ್ತದ ನೋಡಿ ನಿಂದ್ರು" ಎಂದು ಅವ್ವ ಕೂಗುವಳು. ಬಡಿದು ಸಾಕಾದಾಗ ಗಂಟು ಬಿಚ್ಚಿ ಜೋಳದ ರೊಟ್ಟಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ. ಕೈಗೆ ಎಷ್ಟು ಎಣ್ಣೆ ಹಚ್ಚಿದರೂ ರೊಟ್ಟಿಯ ಮೊದಲ ತುತ್ತು ತುಟಿ ಸುಡುತ್ತಿತ್ತು. ಆ ಖಾರದ ರುಚಿ ಮುಂದೆ ಯಾವ ಹಿಂಡಿಯಲ್ಲೂ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಶ್ರೀಶೈಲ ಕಲ್ಲಿನ ಮೇಲೆ ಜಾರಿ ಮೊಣಕಾಲು ಕೆತ್ತಿಕೊಂಡ. ಅವ್ವ ಹತ್ತಿರವೇ ಇದ್ದಳು. ಅವನು ಅವಳನ್ನು ದಾಟಿ, ಅಳುತ್ತ ಓಡಿ, "ಅಪ್ಪಾ" ಎಂದು ಅಪ್ಪನ ತೊಡೆ ಹಿಡಿದುಕೊಂಡ. ಅಪ್ಪ ಕೋಲು ಕೆಳಗೆ ಹಾಕಿ ಅವನನ್ನು ಎತ್ತಿಕೊಂಡ. ಅವ್ವ ತನ್ನ ಕೌದಿ ಬಡಿಯುತ್ತಲೇ ಇದ್ದಳು, ಆದರೆ ಪೆಟ್ಟುಗಳು ಜೋರಾದವು. ರವಿವಾರಕ್ಕೆ ನಾಲ್ಕೇ ದಿನ ಉಳಿದಿದ್ದವು.

ಟ್ರಂಕು, ಕಪಾಟು, ನೆಲದ ಹಲಗೆ ಎಲ್ಲವನ್ನೂ ಅವ್ವ ಎಣ್ಣೆಪಸೆಯ ಬಟ್ಟೆಯಿಂದ ಒರೆಸಿದಳು. ಶುಕ್ರವಾರದ ಹೊತ್ತಿಗೆ ಸೀನು ನಿಂತಿತು. ಆದರೆ ಆಜಿ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅಪ್ಪ ಎರಡು ಸಲ ಅವರ ಬಾಗಿಲ ತನಕ ಹೋಗಿ, ಅದು ಒಂದರಿಂದ ನಾಲ್ಕರ ಹೊತ್ತೇ ಎಂದು ಗಡಿಯಾರ ನೋಡಿ ವಾಪಸ್ ಬಂದ. ಅವನಂಥ ಚೌಕಾಸಿಗಾರನಿಗೂ ಬೆಲೆಯೇ ಇಲ್ಲದ ವಸ್ತುವಿನ ವ್ಯಾಪಾರ ಬರುತ್ತಿರಲಿಲ್ಲ. ನಿದ್ದೆಗೆ ಏನು ಕೊಟ್ಟು ಕೊಳ್ಳುತ್ತೀರಿ? ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗುವಾಗ, "ಸ್ಟೇಶನ್ನಿಗೆ ಹೋಗಿ ಟಿಕೆಟ್ ತಗೊಂಡ ಬರ್ತೀನಿ" ಎಂದ. ಅವ್ವ ಎಣ್ಣೆ ಬಟ್ಟೆ ಹಿಡಿದು ಟ್ರಂಕನ್ನು ಮತ್ತೊಮ್ಮೆ ಒರೆಸತೊಡಗಿದಳು.

ಅವತ್ತು ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ಆಜಿಯ ಹೆಜ್ಜೆ ಕೇಳಿತು. ಕೋಣೆ ಖಾಲಿ ಮಾಡುತ್ತಿದ್ದೇವೋ ಇಲ್ಲವೋ ನೋಡಲು ಬಂದಿರಬೇಕು. ಸುತ್ತ ಕಣ್ಣಾಡಿಸಿದರು, ಮೂಗು ಉರಿಯುತ್ತದೆಯೇ ಎಂದು ಒಮ್ಮೆ ಉಸಿರೆಳೆದು ನೋಡಿದರು. ಮೂಲೆಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ಹರಿದ ಚೀಲಗಳಿಂದ ನಮ್ಮ ಗಾದಿಯ ಸುರುಳಿಯಲ್ಲಿ ಬಿದ್ದ ಮೆಣಸಿನಕಾಯಿಗಳನ್ನು ಅವ್ವ ಒಂದೂ ಬಿಡದೆ ಆರಿಸಿ ಇಟ್ಟಿದ್ದಳು, ಮೂರು ಕಿಲೋ ಇದ್ದೀತು. ಆಜಿ ಬಗ್ಗಿ ಒಂದನ್ನು ಎತ್ತಿದರು. ಸುಕ್ಕುಸುಕ್ಕು, ರಕ್ತದಂಥ ಕೆಂಪು. ಮುರಿದರು, ಬೆರಳಲ್ಲಿ ತಿಕ್ಕಿ ಬಣ್ಣ ನೋಡಿದರು.

"ಬ್ಯಾಡಗೀ?"

ಅವ್ವ ತಲೆಯಾಡಿಸಿದಳು.

ಅದು ಪುಣೆಯಲ್ಲಿ ವರ್ಷದ ಮಸಾಲೆ ಮಾಡುವ ತಿಂಗಳು. ಕೆಳಗೆ ಅಂಗಳದಲ್ಲಿ ದಿನಾ ಹಪ್ಪಳ ಒಣಗುತ್ತಿದ್ದವು, ಸಂಡಿಗೆ ಒಣಗುತ್ತಿದ್ದವು. ಹೆಂಗಸರೆಲ್ಲ ಯಾವ ಅಂಗಡಿಯ ಮೆಣಸಿನಕಾಯಿ ಈ ವರ್ಷ ಮೋಸ ಮಾಡಲಿಕ್ಕಿಲ್ಲ ಎಂದು ಚರ್ಚೆ ಮಾಡುತ್ತಿದ್ದರು.

"ಕೇವಢ್ಯಾಲಾ?" ಎಂದರು ಆಜಿ. ಎಷ್ಟಕ್ಕೆ ಕೊಡುತ್ತೀಯ ಅಂತ.

ನನಗೆ ಅಷ್ಟು ಮರಾಠಿ ತಿಳಿದಿತ್ತು. ಇದರಿಂದ ಮನೆ ಉಳಿದೀತೆಂದು ಅವಸರದಲ್ಲಿ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವನೋ ನನ್ನ ಕಡೆ ತಿರುಗಿ, "ಶಕ್ಕು, ಹೇಳ ಆಕೀಗೆ. ಇದು ಮಂದಿ ಮಾಲು. ಲಾರಿ ಮಾಬುಸಾಬಣ್ಣಂದು. ಅವಾ ಬಂದಾಗ ತಿರುಗಿ ಕೊಡಬೇಕು. ಮಾರಂಗಿಲ್ಲ, ಹಂಗs ಕೊಡಂಗೂ ಇಲ್ಲ" ಎಂದಳು.

ನಾನು ಅವ್ವನ ಮೇಲೆ ಹಲ್ಲು ಕಡಿದೆ. ಮನೆ ಹೋಗುವ ಹೊತ್ತಿನಲ್ಲಿ ಮೂರು ಕಿಲೋ ಮೆಣಸಿನಕಾಯಿಯ ಪ್ರಾಮಾಣಿಕತೆ ಯಾರಿಗೆ ಬೇಕಿತ್ತು? ಇದನ್ನು ಮರಾಠಿಯಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಆಜಿ ನಮ್ಮ ಟ್ರಂಕಿನ ಮೇಲೆ ಕೂತರು.

"ಆಕಿ ಹೇಳೂದ ಬ್ಯಾಡ. ನನಗ ತಿಳೀತದ."

ಕನ್ನಡ! ಅದೂ ನಮ್ಮ ಕಡೆಯದೇ.

"ನನ್ನ ತವರಮನಿ ಮಿರಜ," ಎಂದರು ಆಜಿ. "ಬಾಜೂ ಮನಿಯವರೆಲ್ಲಾ ಕನ್ನಡದವರು. ಅವರ ಮನಿ ರೊಟ್ಟಿ ತಿಂದ ಬೆಳದಾಕಿ ನಾನು. ಒಣಾ ಮೆಣಸಿನಕಾಯಿ ಅಂದ್ಯಲ್ಲಾ ಅವತ್ತ? ಅದೂ ತಿಳೀತು."

ಅವ್ವನ ಮುಖ ನೋಡಬೇಕಿತ್ತು. ಸೆರಗು ಬಾಯಿಗೆ ಹೋಯಿತು. "ಅಯ್ಯ ನಮ್ಮವ್ವಾ, ತಪ್ಪಾತ್ರೀ..."

"ಇರಲಿ ಬಿಡು. ನನ್ನ ಸೊಸೆ ಮರಾಠಿಯೊಳಗ ಇದಕ್ಕಿಂತ ಕೆಟ್ಟದ್ದು ಅಂತಾಳ." ಆಜಿ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಮುಗಿಯುವ ತನಕ ನಾವಿಬ್ಬರೂ ಉಸಿರು ಹಿಡಿದು ನಿಂತೆವು. "ಮಂದಿ ಮಾಲು ಮುಟ್ಟಂಗಿಲ್ಲ ಅಂದಿ. ಚೊಲೋ. ಈ ಮಾಬುಸಾಬ ಮತ್ತ ಯಾವಾಗ ಬರ್ತಾನ?"

"ಹದಿನೈದು ದಿನಕ್ಕೊಮ್ಮೆ ಬರ್ತಾನ್ರಿ."

"ನನಗ ಹತ್ತ ಕಿಲೋ ಬೇಕು. ಇಂಥಾದ್ದs. ಹೋದ ವರ್ಷ ಹಳೇ ಮಾಲು ಕೊಟ್ಟು ಹೋದರು, ಆಮಟಿ ಸಾರಿಗೆ ಬಣ್ಣs ಬರಲಿಲ್ಲ. ತುಂಬು ಬಿಡಿಸಿ, ಒಣಗಿಸಿ ಕೊಡಬೇಕು. ನನಗ ಖಾರ ಮುಟ್ಟಾಕ ಆಗಂಗಿಲ್ಲ, ಗೊತ್ತದ ಅಲಾ?"

"ಆಗ್ಲಿರಿ," ಎಂದಳು ಅವ್ವ, ತಕ್ಷಣ.

ಇಲ್ಲಿ ನಾನು ಬಾಯಿ ಹಾಕಿದೆ. ಯಾರೂ ಹೇಳಿಕೊಟ್ಟಿರಲಿಲ್ಲ.

"ಆಜೀ, ಮಾಬುಸಾಬ ಕಾಕಾ ಬರೂದು ಮುಂದಿನ ವಾರರೀ. ನಾವು ನಾಳೆ ಮನಿ ಬಿಡಬೇಕಲ್ರಿ? ತುಂಬು ಯಾರ ಬಿಡಸ್ತಾರ?"

ಆಜಿ ನನ್ನನ್ನು ಮೊದಲ ಸಲ ಎಂಬಂತೆ ನೋಡಿದರು. "ಅಬ್ಬಬ್ಬಾ. ಎಷ್ಟ ವರ್ಷದಾಕಿ ಇದು?"

"ಹತ್ತರೀ."

"ಹತ್ತು! ಹಂಗಾರ ಇನ್ನೊಂದು ತಿಂಗಳು ಇರ್ರಿ."

"ದೀಪಾವಳಿ ತನಕರೀ."

ಅವ್ವ ಹಿಂದಿನಿಂದ ನನ್ನ ಜಡೆ ಎಳೆದಳು. ಆಜಿ, "ದೀಪಾವಳಿ? ಏ ಹುಚ್ಚಿ. ಗಣಪತಿ ತನಕ ಇರ್ರಿ, ಸಾಕು" ಎಂದರು.

ನಾನು ಬಾಯಿ ಮುಚ್ಚಿಕೊಂಡೆ. ಅಪ್ಪ ಮಾಡಿದ ಹಾಗೇ. ಅಗಿಯಲು ಬೀಡಾ ಇರಲಿಲ್ಲ, ಕೆನ್ನೆಯ ಒಳಭಾಗ ಕಚ್ಚಿಕೊಂಡೆ. ಅಂಗಳದಲ್ಲಿ ಯಾರದೋ ಸೀಮೆಎಣ್ಣೆ ಸ್ಟೋವ್ ಭುಸ್ ಎನ್ನುತ್ತಿತ್ತು. ಅವ್ವ ಏನೋ ಹೇಳಲು ಹೊರಟಳು, ನಾನು ಅವಳ ಕಾಲು ತುಳಿದೆ.

"ಬರೇ ಹತ್ತ ಕಿಲೋಕ್ಕ ದೀಪಾವಳಿ ಆಗಂಗಿಲ್ಲ," ಎಂದರು ಆಜಿ ಕೊನೆಗೆ. "ವಾಡಾದ ಆರೂ ಮನಿ ಮೆಣಸಿನಕಾಯಿ ನಿಮ್ಮವ್ವ ಮಾಡಿ ಕೊಡ್ಲಿ. ಕೂಲಿ ಅವರು ಕೊಡ್ತಾರ. ಖಾರದ ಕೆಲಸೆಲ್ಲಾ ನದಿ ದಂಡಿಗೆ. ಮತ್ತ ಒಂದರಿಂದ ನಾಕು..."

"ಮೆಣಸಿನಕಾಯಿ ಹೆಸರೂ ಎತ್ತಂಗಿಲ್ಲರೀ," ಎಂದಳು ಅವ್ವ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ಜೇಬಿನಿಂದ ಗದಗಿನ ಟಿಕೆಟ್ ತೆಗೆದು ಅವ್ವನ ಕಡೆ ನೋಡದೆ ಚಾಚಿದ. ಅವ್ವ ಅದನ್ನು ತೆಗೆದುಕೊಂಡು ಅವನ ಜೇಬಿಗೇ ತುರುಕಿ, "ಕೈ ಕಾಲ ತೊಳಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವು" ಎಂದಳು. ಅಪ್ಪನಿಗೆ ನಡೆದದ್ದನ್ನು ನಂಬಿಸಲು ನಾನು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಅವನು ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟ. ಹನ್ನೊಂದು ತಿಂಗಳ ಉಸಿರು. ಟಿಕೆಟ್ ವಾಪಸ್ ಮಾಡಿದಾಗ ರೈಲಿನವರು ಸ್ವಲ್ಪ ಹಣ ಹಿಡಿದುಕೊಂಡರು. ಅಪ್ಪ ಚೌಕಾಸಿ ಮಾಡದೆ ಕೊಟ್ಟು ಬಂದ ಹಣ ನನಗೆ ತಿಳಿದ ಮಟ್ಟಿಗೆ ಅದೊಂದೇ.

ಮುಂದಿನ ವಾರ ಮಾಬುಸಾಬ ಬಂದ. ಅವ್ವ ಮೂರು ಕಿಲೋ ಚೀಲ ಅವನ ಮುಂದಿಟ್ಟಳು. ಅವನು ನಗುತ್ತ, "ತಂಗೀ, ಹರದ ಚೀಲದ ಮಾಲು ಸಾವಕಾರ ನಷ್ಟಕ್ಕ ಬರದು ಬಿಟ್ಟಾನ. ನಿನ್ನ ಮನಿ ತುಂಬಿಸಿದ್ದಂತ ತಿಳಕೋ" ಎಂದ. ಆ ಬೇಸಿಗೆಯೆಲ್ಲ ಅವ್ವ ಮತ್ತು ನಾನು ನದಿಯ ದಂಡೆಯಲ್ಲಿ, ಗಾಳಿಗೆ ಬೆನ್ನು ಮಾಡಿ, ಮೊಣಕೈ ತನಕ ಶೇಂಗಾದೆಣ್ಣೆ ಸವರಿಕೊಂಡು ತೊಟ್ಟು ಬಿಡಿಸಿದೆವು. ನಾಲ್ಕರ ಮೇಲೆ ಆಜಿ ನನಗೆ ಮರಾಠಿ ಅಕ್ಷರ ತಿದ್ದಿಸುತ್ತಿದ್ದರು, ಜೂನಿನಲ್ಲಿ ಶಾಲೆಯವರು ವರ್ಷ ಕಳೆಯದೆ ಸೇರಿಸಿಕೊಂಡರು. ದೀಪಾವಳಿ ಬಂತು, ಹೋಯಿತು. ಯಾರೂ ಆ ಮಾತೆತ್ತಲಿಲ್ಲ. ಆ ಖೋಲಿಯಲ್ಲಿ ನಾವು ಹದಿಮೂರು ವರ್ಷ ಇದ್ದೆವು.

ಈಗ ನನ್ನದೇ ಮಸಾಲೆ ಪುಡಿಯ ವ್ಯಾಪಾರ ಇದೆ, ಪುಣೆಯ ಅಂಚಿನ ಖರಾಡಿಯಲ್ಲಿ ಲಿಫ್ಟ್ ಇರುವ ಮನೆ ಇದೆ. ವಾಡಾ ಕೆಡವಿ ಅಲ್ಲಿ ಐದಂತಸ್ತು ಎದ್ದಿದೆ. ಅದಕ್ಕಾಗಿ ಅಳುವವಳು ನಾನಲ್ಲ. ಏಳು ಸಂಸಾರಕ್ಕೆ ಎರಡು ಪಾಯಖಾನೆ, ಬೆಳಿಗ್ಗೆ ಎರಡೇ ತಾಸು ನೀರು, ಮಳೆಗಾಲದಲ್ಲಿ ಸೋರುವ ಮಾಡು. ಅದರಿಂದ ಪಾರಾದದ್ದಕ್ಕೆ ಇವತ್ತಿಗೂ ನಲ್ಲಿ ತಿರುಗಿಸಿದಾಗಲೆಲ್ಲ ಸಮಾಧಾನವಾಗುತ್ತದೆ. ಹೋದದ್ದು ಒಂದೇ ಇದೆ, ಅದನ್ನು ಸರಿಯಾಗಿ ತೂಗಿಯೇ ಹೇಳುತ್ತೇನೆ. ಈಗಿನ ಮನೆಯಲ್ಲಿ ನಾನು ಎಷ್ಟು ಸೀನಿದರೂ ಕೆಳಗಿನವರಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಮೆಟ್ಟಿಲು ಹತ್ತಿ ಜಗಳಕ್ಕೆ ಬರುವುದಿಲ್ಲ, ಸೊಸೈಟಿಯ ಗ್ರೂಪಿನಲ್ಲಿ ಒಂದು ಸಾಲು ಹಾಕುತ್ತಾರೆ. ಜಗಳಕ್ಕೆ ಬಂದವರ ಜೊತೆ ಚೌಕಾಸಿ ಮಾಡಬಹುದು. ಆ ಸಾಲಿನ ಜೊತೆ ಏನು ಮಾಡುತ್ತೀರಿ?

ಹೋದ ತಿಂಗಳು ಪಕ್ಕದ ಫ್ಲಾಟಿಗೆ ಬೆಂಗಳೂರಿನ ಹುಡುಗಿಯೊಬ್ಬಳು ಬಂದಳು, ಇಲ್ಲೇ ಐಟಿ ಪಾರ್ಕಿನಲ್ಲಿ ಕೆಲಸ. ಸಾಮಾನು ಬಂದ ಲಾರಿಯ ಬಿಲ್ಲು ತೋರಿಸಿದಳು. ನನ್ನ ಕಣ್ಣಿಗೆ ಮತ್ತೆ ಖಾರ ಬಿದ್ದಂತಾಯಿತು.

"ಆಂಟಿ, ಇದು ಜಾಸ್ತಿ ಆಯ್ತಾ?" ಎಂದಳು.

"ಆತು. ಗಂಡ ಎಲ್ಲಿ?"

"ಅವ್ರು ಆರು ತಿಂಗಳು ಬಿಟ್ಟು ಬರ್ತಾರೆ. ಅಲ್ಲಿ ಮನೆ ಅಗ್ರಿಮೆಂಟ್ ಇನ್ನೂ ಇದೆ, ಬ್ರೇಕ್ ಮಾಡಿದ್ರೆ ಎರಡು ತಿಂಗಳ ಬಾಡಿಗೆ ಲಾಸ್. ಮಗೂನೂ ಅಲ್ಲೇ ಅವ್ರ ಹತ್ರ ಇದೆ."

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಊರು ಬದಲಿಸುವವರಿದ್ದರೆ ಬರೆದಿಟ್ಟುಕೊಳ್ಳಿ. ಲಾರಿಯವನು ಕಡಿಮೆ ಹೇಳಿದರೆ, ಅದರಲ್ಲಿ ಇನ್ನೇನು ಬರುತ್ತದೆ ಎಂದು ಕೇಳಿ; ಉತ್ತರವನ್ನು ಹಾಸಿಗೆ ಒಗೆಯುವವರಿಗೆ ಹೇಳಿ, ಆಮೇಲೆ ಒಪ್ಪಿಕೊಳ್ಳಿ. ಹಾಸಿಗೆ ಹೊದಿಕೆ ನಿಮ್ಮ ಜೊತೆಗೇ ಇರಲಿ. ಮನೆ ನೋಡಲು ಸಂಜೆ ಹೋಗಬೇಡಿ, ಮಧ್ಯಾಹ್ನ ಎರಡಕ್ಕೆ ಹೋಗಿ. ಬಿಸಿಲು, ನೀರು, ಕೆಳಗಿನ ಮನೆಯವರ ಸ್ವಭಾವ ಮೂರೂ ಆಗಲೇ ತಿಳಿಯುತ್ತವೆ. ಯಾರಿಗೆ ಯಾವ ಭಾಷೆ ಬರುವುದಿಲ್ಲ ಎಂದು ನೀವೇ ತೀರ್ಮಾನಿಸಬೇಡಿ. ಡಿಪಾಜಿಟ್, ಬಾಡಿಗೆ, ಬಣ್ಣ ಬಳಿಯುವ ಖರ್ಚು, ಎಲ್ಲಕ್ಕೂ ಚೌಕಾಸಿ ಮಾಡಿ, ನಾಚಿಕೊಳ್ಳಬೇಡಿ. ಆದರೆ ಎರಡು ತಿಂಗಳ ಬಾಡಿಗೆ ಉಳಿಸಲು ಮಗುವನ್ನು ಒಂದು ಊರಿನಲ್ಲಿ, ತಾಯಿಯನ್ನು ಇನ್ನೊಂದು ಊರಿನಲ್ಲಿ ಇಡಬೇಡಿ. ಅದು ಯಾವ ಬಿಲ್ಲಿನಲ್ಲೂ ಕಾಣಿಸದ ಖರ್ಚು. ಸಾಮಾನು ಬೇಕಾದರೆ ಎರಡು ಸಲ ಬರಲಿ, ಮಂದಿ ಒಂದೇ ಸಲ ಬರಲಿ.